ಮಕ್ಕಳಿಗಾಗಿ ತಂತ್ರಜ್ಞಾನ: ಸ್ವಯಂಸೇವಾ ಸಂಸ್ಥೆಗಳ ಕಾರ್ಯ ಹಾಗೂ ಗ್ರಾಮ ಪಂಚಾಯತಿಯ ಹೊಣೆ

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)





ಮಕ್ಕಳ ಹಾಗೂ ಯುವಜನರ ಏಳಿಗೆಗಾಗಿ ಸ್ವಯಂಸೇವಾ ಸಂಸ್ಥೆಗಳು ತಂತ್ರಜ್ಞಾನವನ್ನು ಹೇಗೆ ಬಳಸುತ್ತಿವೆ ಎಂಬುದು ಇಂದು ನನಗೆ ವಹಿಸಿದ ವಿಷಯ. ಇದು ಶಾಲೆಗೆ, ಶಿಕ್ಷಣ ಇಲಾಖೆಗೆ ಸೇರಿದ್ದು, ಪಂಚಾಯತಿಗೆ ಇದರಲ್ಲಿ ಏನು ಕೆಲಸ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ತಾಂತ್ರಿಕ ತರಬೇತಿ, ಗ್ರಂಥಾಲಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಈ ನಾಲ್ಕೂ ಆ ಪಟ್ಟಿಯೊಳಗಿವೆ. ನಾವು ಮನೆ ತೆರಿಗೆ ವಸೂಲಿ ಮಾಡುವಾಗ ಅದರೊಂದಿಗೆ ಶೇಕಡಾ 6ರಂತೆ ಗ್ರಂಥಾಲಯ ಕರವನ್ನೂ ಪಡೆಯುತ್ತೇವೆ. ಊರಿನ ಪ್ರತಿಯೊಂದು ಮನೆಯವರೂ ಮಕ್ಕಳ ಓದಿಗೆಂದು ತಮ್ಮ ಪಾಲನ್ನು ಕೊಡುತ್ತಲೇ ಇದ್ದಾರೆ. ಆದ್ದರಿಂದ ಈ ವಿಷಯ ನಮ್ಮದೇ.

ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರವನ್ನು ಕೂಡಿಸುವ ಖರ್ಚಿಗಿಂತ ಅದನ್ನು ನಡೆಸುವ ಖರ್ಚಿನ ಲೆಕ್ಕ ಮುಖ್ಯ ಎಂಬುದು ಅಲ್ಲಿಯ ಮೊದಲ ಪಾಠಗಳಲ್ಲೊಂದು. ಇದನ್ನು ತಮಗೆ ವಿವರಿಸುವ ಅಗತ್ಯವಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳನ್ನು ತಾವು ನೋಡಿದ್ದೀರಿ. ಉದ್ಘಾಟನೆಯ ದಿನ ಎಲ್ಲ ಘಟಕಗಳೂ ಒಂದೇ ರೀತಿ ನೀರು ಕೊಟ್ಟವು. ಫಿಲ್ಟರ್ ಬದಲಿಸುವವರು ಯಾರು, ಕರೆಂಟ್ ಬಿಲ್ಲು ಕಟ್ಟುವವರು ಯಾರು, ಕೀಲಿ ಯಾರ ಬಳಿ ಎಂಬುದು ಮೊದಲೇ ಗೊತ್ತಿದ್ದ ಊರುಗಳಲ್ಲಿ ಅವು ಇಂದಿಗೂ ನಡೆಯುತ್ತಿವೆ. ಉಳಿದ ಕಡೆ ಬೀಗ ಬಿದ್ದಿದೆ. ಮಕ್ಕಳಿಗಾಗಿ ಬರುವ ಟಿ.ವಿ., ಟ್ಯಾಬ್, ಕಂಪ್ಯೂಟರ್, ಆ್ಯಪ್‌ಗಳ ವಿಷಯವೂ ಹೀಗೆಯೇ. ಕೊಡುವ ಸಂಸ್ಥೆ ಎರಡು ಮೂರು ವರ್ಷ ಇದ್ದು ಮುಂದಿನ ಜಿಲ್ಲೆಗೆ ಹೋಗುತ್ತದೆ, ಪಂಚಾಯತಿ ಇಲ್ಲಿಯೇ ಉಳಿಯುತ್ತದೆ. ಉಳಿಯುವವರು ಮೊದಲ ದಿನದಿಂದಲೇ ಹೊಣೆ ಹೊತ್ತರೆ ಮಾತ್ರ ಮಕ್ಕಳಿಗೆ ಉಪಯೋಗವಾಗುತ್ತದೆ. ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಇನ್ನು ಕೆಲವು ನಿಜವಾದ ಉದಾಹರಣೆಗಳ ಮೂಲಕ ಇದನ್ನು ವಿವರಿಸುತ್ತೇನೆ.

1. ಒಂದು ದೂರವಾಣಿ ಸಂಖ್ಯೆ

ತಂತ್ರಜ್ಞಾನವೆಂದರೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ನಮ್ಮ ದೇಶದಲ್ಲಿ ಮಕ್ಕಳ ರಕ್ಷಣೆಗಾಗಿ ಬಂದ ಬಹು ಉಪಯುಕ್ತ ಸಾಧನ ನಾಲ್ಕು ಅಂಕಿಗಳ ಒಂದು ದೂರವಾಣಿ ಸಂಖ್ಯೆ: 1098. ಇದು 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ, ಬೀದಿಯಲ್ಲಿ ಬದುಕುವ ಮಕ್ಕಳಿಗಾಗಿ ಒಂದು ಪ್ರಯೋಗವೆಂದು ಆರಂಭವಾಯಿತು. ಕಿಸೆಯಲ್ಲಿ ಒಂದು ರೂಪಾಯಿಯೂ ಇಲ್ಲದ ಮಗು ಸಾರ್ವಜನಿಕ ದೂರವಾಣಿಯಿಂದ ಉಚಿತವಾಗಿ ಕರೆ ಮಾಡಿದರೆ ಒಬ್ಬ ಮನುಷ್ಯ ಅದರ ಬಳಿ ಬರಬೇಕು ಎಂಬುದು ಅದರ ಉದ್ದೇಶವಾಗಿತ್ತು. ಮುಂದೆ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆಯು ನೂರಾರು ಸ್ವಯಂಸೇವಾ ಸಂಸ್ಥೆಗಳನ್ನು ಜೊತೆಗೂಡಿಸಿ ಈ ಸೇವೆಯನ್ನು ದೇಶದ ಜಿಲ್ಲೆಗಳಿಗೆ ಒಯ್ದಿತು. 2023ರಲ್ಲಿ ಮಿಷನ್ ವಾತ್ಸಲ್ಯ ಯೋಜನೆಯಡಿ ಈ ಸಹಾಯವಾಣಿಯನ್ನು ಸರ್ಕಾರಗಳು ನೇರವಾಗಿ ವಹಿಸಿಕೊಂಡು 112 ತುರ್ತು ಸೇವೆಯೊಂದಿಗೆ ಜೋಡಿಸಿದವು. ಸ್ವಯಂಸೇವಾ ಸಂಸ್ಥೆಗಳು ಆರಂಭಿಸಿದ ಒಂದು ಪ್ರಯೋಗ ಇಂದು ಸರ್ಕಾರದ ಕಾಯಂ ವ್ಯವಸ್ಥೆಯಾಗಿದೆ.

ಈ ಸಂಖ್ಯೆಗೆ ಕರೆ ಮಾಡಲು ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಓದು ಬರಹವೂ ಬೇಡ. ದಿನದ 24 ಗಂಟೆಯೂ ಉಚಿತ. ಕರೆ ಮಾಡಿದವರ ಹೆಸರನ್ನು ಗುಪ್ತವಾಗಿಡಲಾಗುತ್ತದೆ.

ನಮ್ಮ ನಾಲ್ಕು ತಾಲೂಕುಗಳಿಗೆ ಇದರ ಅಗತ್ಯ ಎಷ್ಟೆಂಬುದನ್ನು ತಮಗೆ ಬೇರೆ ಹೇಳಬೇಕಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವುದಕ್ಕೂ ಬೇಸಿಗೆಯ ಮದುವೆಗಳ ಕಾಲ ಆರಂಭವಾಗುವುದಕ್ಕೂ ಹೆಚ್ಚು ಅಂತರವಿಲ್ಲ. ಫಲಿತಾಂಶ ಬರುವ ಮೊದಲೇ ಹುಡುಗಿಯ ಅರಿಷಿಣ ಶಾಸ್ತ್ರ ನಡೆದುಹೋಗುವ ಊರುಗಳು ಇನ್ನೂ ಇವೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂತಹ ಮದುವೆ ಆರಂಭದಿಂದಲೇ ಅಸಿಂಧು. ಮದುವೆ ಮಾಡಿಸಿದವರು, ನೆರವಾದವರು, ತಡೆಯದೆ ಪಾಲ್ಗೊಂಡವರು ಎಲ್ಲರೂ ಕಾನೂನಿನ ವ್ಯಾಪ್ತಿಗೆ ಬರುತ್ತಾರೆ.

ಇಲ್ಲಿ ಪಂಚಾಯತಿಗೆ ಎರಡು ಕೆಲಸಗಳಿವೆ. ಮೊದಲನೆಯದು ಸುಲಭ. 1098 ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಹೊರಗೋಡೆಯ ಮೇಲೆ ಬರೆಸಿದರಷ್ಟೇ ಸಾಲದು. ಹುಡುಗಿಯರು ಒಬ್ಬರೇ ನಿಂತು ಓದಬಹುದಾದ ಸ್ಥಳಗಳಲ್ಲಿ, ಅಂದರೆ ಪ್ರೌಢಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಒಳಗೋಡೆ, ಗ್ರಂಥಾಲಯ, ಬಸ್ ನಿಲ್ದಾಣಗಳಲ್ಲಿ ಬರೆಸಬೇಕು. ಎರಡನೆಯದು ಕಠಿಣ. ಕರೆ ಹೋದ ಮೇಲೆ ಅಧಿಕಾರಿಗಳು ಬರುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಸಂಜೆಗೆ ಮರಳುತ್ತಾರೆ. ಆ ಹುಡುಗಿ ಅದೇ ಮನೆಯಲ್ಲಿ, ಅದೇ ಓಣಿಯಲ್ಲಿ ಉಳಿಯುತ್ತಾಳೆ. ಜೂನ್ ತಿಂಗಳಲ್ಲಿ ಅವಳು ಕಾಲೇಜಿಗೆ ಹೋದಳೇ, ಬೇರೆ ಊರಿನ ಸಂಬಂಧಿಕರ ಮನೆಯಲ್ಲಿ ಗುಟ್ಟಾಗಿ ಮದುವೆಯಾಯಿತೇ ಎಂಬುದನ್ನು ಯಾವ ಸಹಾಯವಾಣಿಯೂ ದಿನಾಲೂ ನೋಡಲಾರದು. ಆ ಓಣಿಯ ಸದಸ್ಯರು ನೋಡಬಲ್ಲರು. ನಮ್ಮ ಪಂಚಾಯತಿಯ ಕಾವಲು ಸಮಿತಿ ಇರುವುದೇ ಇದಕ್ಕಾಗಿ.

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. ಕಳೆದ ದಶಕದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟ್ ಸಂಸ್ಥೆಯು ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಹದಿಹರೆಯದ ಹುಡುಗಿಯರು ಪ್ರೌಢಶಾಲೆ ಮುಗಿಸಬೇಕು, ಮದುವೆ ಮುಂದಕ್ಕೆ ಹೋಗಬೇಕು ಎಂಬುದು ಅದರ ಗುರಿ. ಹುಡುಗಿಯರ ಗುಂಪುಗಳು, ಪಾಲಕರ ಭೇಟಿ, ಶಾಲೆಯೊಂದಿಗಿನ ಸಂಪರ್ಕ, ಇವು ಅದರ ಸಾಧನಗಳು. ಯಾವ ಹುಡುಗಿ ಶಾಲೆಗೆ ಬಂದಿಲ್ಲ ಎಂದು ತಿಳಿದು ಅವಳ ಮನೆಯ ಬಾಗಿಲಿಗೆ ಹೋಗುವುದು ಯಾವ ತಂತ್ರಾಂಶಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.

2. ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆ

ಎರಡನೆಯ ಉದಾಹರಣೆ ಬೆಂಗಳೂರಿನ ಅಕ್ಷರ ಫೌಂಡೇಶನ್ ಸಂಸ್ಥೆಯದು. 2000ದಲ್ಲಿ ಆರಂಭವಾದ ಈ ಸಂಸ್ಥೆಯು ರಾಜ್ಯ ಸರ್ಕಾರದೊಂದಿಗೆ ‘ಗಣಿತ ಕಲಿಕಾ ಆಂದೋಲನ’ವನ್ನು ನಡೆಸಿತು. ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಗಣಿತದ ಕಿಟ್ ಬಂದಿರುವುದನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಮಣಿಗಳು, ಸ್ಥಾನಬೆಲೆಯ ತುಂಡುಗಳು, ಭಿನ್ನರಾಶಿಯ ಪಟ್ಟಿಗಳು ಅದರಲ್ಲಿರುತ್ತವೆ. ಇದರ ಜೊತೆಗೆ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಆ್ಯಪ್ ಅನ್ನು ಸಂಸ್ಥೆ ಸಿದ್ಧಪಡಿಸಿತು. ಅದು ಕನ್ನಡದಲ್ಲಿದೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಹೊಲದ ಮನೆಯಲ್ಲಿ, ಸಿಗ್ನಲ್ ಸಿಗದ ತೋಟದ ವಸತಿಯಲ್ಲಿ ಇರುವ ಮಗುವಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ನಾನು ಈ ಸಂಸ್ಥೆಯ ಹೆಸರು ಹೇಳುತ್ತಿರುವುದಕ್ಕೆ ಬೇರೆ ಕಾರಣವಿದೆ. ಅವರು ಗ್ರಾಮ ಪಂಚಾಯತಿ ಮಟ್ಟದಲ್ಲಿ 4, 5 ಮತ್ತು 6ನೆಯ ತರಗತಿಯ ಮಕ್ಕಳಿಗೆ ಗಣಿತ ಸ್ಪರ್ಧೆಗಳನ್ನು ಏರ್ಪಡಿಸಿದರು. ಒಂದು ಪಂಚಾಯತಿ ವ್ಯಾಪ್ತಿಯ ಸರ್ಕಾರಿ ಶಾಲೆಗಳ ಮಕ್ಕಳು ಒಂದೆಡೆ ಸೇರುತ್ತಾರೆ. ಬಹುಮಾನ, ಊಟದ ಖರ್ಚಿನಲ್ಲಿ ಊರಿನವರೂ ಪಾಲು ಕೊಡುತ್ತಾರೆ. ಮಕ್ಕಳ ಉತ್ತರಗಳನ್ನು ದಾಖಲಿಸಿ, ಪಂಚಾಯತಿವಾರು ವರದಿ ತಯಾರಿಸಲಾಗುತ್ತದೆ. ನಮ್ಮ ಪಂಚಾಯತಿಯ ಐದನೆಯ ತರಗತಿಯ ಮಕ್ಕಳಲ್ಲಿ ಎಷ್ಟು ಜನರಿಗೆ ಕೂಡಿಸುವುದು ಬರುತ್ತದೆ, ಎಷ್ಟು ಜನರಿಗೆ ಭಾಗಾಕಾರ ಬರುವುದಿಲ್ಲ ಎಂಬುದು ಒಂದು ಹಾಳೆಯಲ್ಲಿ ಸದಸ್ಯರ ಕೈಗೆ ಬರುತ್ತದೆ.

ನಮ್ಮ ಮಾಸಿಕ ಸಭೆಗಳಲ್ಲಿ ಶಾಲೆಯ ವಿಷಯ ಬಂದಾಗ ಕಾಂಪೌಂಡ್ ಗೋಡೆ, ಕೊಠಡಿಯ ಚಾವಣಿ, ಶೌಚಾಲಯಗಳ ಚರ್ಚೆ ಆಗುತ್ತದೆ. ಅವೆಲ್ಲ ಅಗತ್ಯ. ಮಗು ಕಲಿತಿದೆಯೇ ಎಂಬ ಚರ್ಚೆ ಆಗುವುದು ಅಪರೂಪ, ಏಕೆಂದರೆ ಆ ಮಾಹಿತಿ ನಮ್ಮ ಮುಂದೆ ಇರುವುದಿಲ್ಲ. ತಂತ್ರಜ್ಞಾನದ ನಿಜವಾದ ಉಪಯೋಗ ಇಲ್ಲಿದೆ. ಇಂತಹ ವರದಿ ಬಂದಾಗ ಅದನ್ನು ಶಿಕ್ಷಕರನ್ನು ದೂರುವುದಕ್ಕೆ ಬಳಸಬಾರದು. ಭಾಗಾಕಾರ ಬಾರದ ಮಕ್ಕಳಿಗೆ ಸಂಜೆ ಗ್ರಂಥಾಲಯದಲ್ಲಿ ಒಂದು ಗಂಟೆ ಕಲಿಸಲು ಊರಿನ ಪದವೀಧರ ಯುವಕ ಯುವತಿಯರನ್ನು ಕೇಳಿಕೊಳ್ಳಬಹುದೇ ಎಂದು ಯೋಚಿಸುವುದು ಪಂಚಾಯತಿಯ ಕೆಲಸ.

3. ಗ್ರಂಥಾಲಯವೆಂಬ ಸಾರ್ವಜನಿಕ ಸ್ಥಳ

2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ನಮ್ಮ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂದು ಹೆಸರಾದವು. ಸ್ವಯಂಸೇವಾ ಸಂಸ್ಥೆಗಳ ಪಾಲು ಇಲ್ಲಿಯೂ ಇದೆ. ಶಿಕ್ಷಣ ಫೌಂಡೇಶನ್ ಸಂಸ್ಥೆಯು ಡೆಲ್ ಕಂಪನಿಯ ನೆರವಿನೊಂದಿಗೆ ನಮ್ಮ ಇಲಾಖೆಯ ಜೊತೆಗೂಡಿ ‘ಗ್ರಾಮ ಡಿಜಿ ವಿಕಸನ’ ಕಾರ್ಯಕ್ರಮದಡಿ ಅನೇಕ ಗ್ರಂಥಾಲಯಗಳಿಗೆ ಟಿ.ವಿ., ಸ್ಮಾರ್ಟ್‌ಫೋನ್ ಮುಂತಾದ ಸಾಧನಗಳನ್ನು ಒದಗಿಸಿ, ಮೇಲ್ವಿಚಾರಕರಿಗೆ ತರಬೇತಿ ನೀಡಿದೆ.

ಪುಸ್ತಕಗಳ ಕೊರತೆಗೂ ಒಂದು ಪರಿಹಾರವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಲಾಭರಹಿತ ಪ್ರಕಾಶನ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ಆರಂಭಿಸಿತು. ಕನ್ನಡವೂ ಸೇರಿ ನೂರಾರು ಭಾಷೆಗಳ ಮಕ್ಕಳ ಚಿತ್ರಕಥೆಗಳು ಅಲ್ಲಿವೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಹೊಸ ಭಾಷೆಗೆ ಅನುವಾದಿಸಲೂಬಹುದು. ಅದಕ್ಕೆ ಅನುಮತಿ ಪತ್ರ ಬೇಕಿಲ್ಲ. ಪಂಚಾಯತಿಯ ಪ್ರಿಂಟರ್‌ನಲ್ಲಿ ತಿಂಗಳಿಗೆ ಹತ್ತು ಕಥೆ ಮುದ್ರಿಸಿ ಹೊಲಿದರೆ ವರ್ಷಕ್ಕೆ ನೂರಿಪ್ಪತ್ತು ಪುಸ್ತಕಗಳಾಗುತ್ತವೆ. ಕಾಗದ ಮತ್ತು ಇಂಕಿನ ಖರ್ಚಷ್ಟೇ.

ಇಷ್ಟೆಲ್ಲ ಇದ್ದರೂ ಪ್ರಶ್ನೆ ಒಂದು ಉಳಿಯುತ್ತದೆ. ಈ ಟಿ.ವಿ., ಫೋನು, ಪುಸ್ತಕಗಳ ಬಳಿ ಬರುವವರು ಯಾರು? ಪ್ರಥಮ್ ಸಂಸ್ಥೆಯ ‘ಅಸರ್ 2024’ ವರದಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳ ಡಿಜಿಟಲ್ ಬಳಕೆಯನ್ನು ಪರಿಶೀಲಿಸಿದೆ. ಶೇಕಡಾ 82.2ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬರುವವರಲ್ಲಿ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗಾಗಿ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇಕಡಾ 76. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವವರನ್ನು ನೋಡಿದರೆ, ಹುಡುಗರಲ್ಲಿ ಶೇಕಡಾ 36.2, ಹುಡುಗಿಯರಲ್ಲಿ ಶೇಕಡಾ 26.9. ಇವು ದೇಶದ ಅಂಕಿಗಳು. ನಮ್ಮ ಊರುಗಳ ಸ್ಥಿತಿಯನ್ನು ತಾವು ತಮ್ಮ ತಮ್ಮ ಮನೆಯಲ್ಲೇ ಅಳೆಯಬಹುದು. ಮನೆಯ ಒಂದೇ ಫೋನ್ ಯಾರ ಕಿಸೆಯಲ್ಲಿರುತ್ತದೆ? ಅಪ್ಪ ಹೊಲಕ್ಕೆ ಹೋದರೆ ಫೋನೂ ಹೊಲಕ್ಕೆ ಹೋಗುತ್ತದೆ. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ, ಉಳಿದ ವೇಳೆ ತಂಗಿಗೆ. ಆ ಉಳಿದ ವೇಳೆಯಲ್ಲಿ ಅವಳಿಗೆ ರೊಟ್ಟಿ ಬಡಿಯುವ, ನೀರು ತುಂಬುವ ಕೆಲಸ ಕಾದಿರುತ್ತದೆ.

ಆದ್ದರಿಂದ ಬಡ ಮನೆಯ ಹುಡುಗಿಯೊಬ್ಬಳು ಯಾರ ಅಪ್ಪಣೆಗೂ ಕಾಯದೆ ಕಂಪ್ಯೂಟರ್ ಮುಟ್ಟಬಹುದಾದ ಊರಿನ ಏಕೈಕ ಸಾರ್ವಜನಿಕ ಸ್ಥಳ ನಮ್ಮ ಗ್ರಂಥಾಲಯ. ವಿದ್ಯಾರ್ಥಿವೇತನದ ಅರ್ಜಿ, ಪಿ.ಯು. ನಂತರ ಯಾವ ಕೋರ್ಸ್ ಇದೆ ಎಂಬ ಹುಡುಕಾಟ, ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ, ಇವು ಅವಳಿಗೆ ಅಲ್ಲಿ ಸಿಗಬೇಕು. ಗ್ರಂಥಾಲಯ ತೆರೆಯುವ ವೇಳೆ ಅವಳಿಗೆ ಹೊಂದುತ್ತದೆಯೇ? ಅವಳು ಶಾಲೆಯಲ್ಲಿರುವಾಗ ತೆರೆದು, ಅವಳು ಬರುವ ವೇಳೆಗೆ ಮುಚ್ಚಿದರೆ ಒಳಗಿನ ಯಂತ್ರಗಳಿಂದ ಏನು ಪ್ರಯೋಜನ? ಬಾಗಿಲ ಮುಂದಿನ ಕಟ್ಟೆಯ ಮೇಲೆ ಹಿರಿಯರು, ಯುವಕರು ಕೂತು ಹರಟುವಾಗ ಅವಳು ಒಳಗೆ ಬಂದಾಳೇ? ವಾರದಲ್ಲಿ ಎರಡು ಸಂಜೆ ಹುಡುಗಿಯರಿಗೇ ಮೀಸಲಿಡಲು, ಆ ಹೊತ್ತಿನಲ್ಲಿ ಮಹಿಳಾ ಸದಸ್ಯರೊಬ್ಬರು ಅಥವಾ ಸ್ವಸಹಾಯ ಸಂಘದ ತಾಯಂದಿರು ಅಲ್ಲಿ ಇರಲು ಖರ್ಚು ಏನೂ ಇಲ್ಲ. ಸದಸ್ಯರು ಒಂದು ಠರಾವು ಮಾಡಿದರೆ ಸಾಕು.

4. ನಮ್ಮ ಪಟ್ಟಿಯಿಂದ ಬಿಟ್ಟುಹೋಗುವ ಮಕ್ಕಳು

ಕಾರ್ಯಕ್ರಮ ಯಾವುದೇ ಇರಲಿ, ಅದು ಮೊದಲು ತಲುಪುವುದು ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮಕ್ಕಳನ್ನು. ನಮ್ಮ ನಾಲ್ಕು ತಾಲೂಕುಗಳಲ್ಲಿ ಹಿಂದೆ ಉಳಿಯುವವರು ಯಾರು ಎಂದು ಯೋಚಿಸೋಣ.

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ಭಾಗಕ್ಕೆ ಹೊರಗಿನಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರುತ್ತವೆ. ತಂದೆ ತಾಯಿಯೊಂದಿಗೆ ಮಕ್ಕಳೂ ಬಂದು ಗುಡಿಸಲುಗಳಲ್ಲಿ ನಾಲ್ಕಾರು ತಿಂಗಳು ಇರುತ್ತಾರೆ. ಅವರ ಹೆಸರು ನಮ್ಮ ಶಾಲೆಯ ಹಾಜರಿಯಲ್ಲಿಲ್ಲ, ಊರಿನ ಶಾಲೆಯಲ್ಲಿ ಅವರು ಇಲ್ಲ. ರಬಕವಿ-ಬನಹಟ್ಟಿ ಭಾಗದ ನೇಕಾರ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆ ಕಂಡಿಕೆ ಸುತ್ತುವ ಕೈಗಳಲ್ಲಿ ಮಕ್ಕಳ ಕೈಗಳೂ ಇರುತ್ತವೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಿಂದಾಗಿ ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡ ಕುಟುಂಬಗಳಿವೆ. 2019ರ ಆಗಸ್ಟ್‌ನ ಕೃಷ್ಣಾ, ಘಟಪ್ರಭಾ ಪ್ರವಾಹದಲ್ಲಿ ಪುಸ್ತಕ, ಬಟ್ಟೆ ಕಳೆದುಕೊಂಡ ಮಕ್ಕಳನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇಂತಹ ಮಕ್ಕಳಿಗೆ ಸಂಚಾರಿ ವ್ಯವಸ್ಥೆ ಬೇಕು. ಅಗಸ್ತ್ಯ ಇಂಟರ್‌ನ್ಯಾಶನಲ್ ಫೌಂಡೇಶನ್ ಸಂಸ್ಥೆಯು ವಿಜ್ಞಾನದ ಪ್ರಯೋಗ ಸಾಮಗ್ರಿಗಳನ್ನು ವಾಹನದಲ್ಲಿ, ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲಿಯೂ ಹಳ್ಳಿಗಳಿಗೆ ಒಯ್ಯುತ್ತದೆ. ಅದೇ ಮಾದರಿಯಲ್ಲಿ ನಮ್ಮ ಗ್ರಂಥಾಲಯದ ಒಂದು ಟ್ಯಾಬ್, ಇಪ್ಪತ್ತು ಪುಸ್ತಕ ಮತ್ತು ಒಬ್ಬ ಸ್ವಯಂಸೇವಕರು ವಾರಕ್ಕೊಮ್ಮೆ ಗ್ಯಾಂಗಿನ ಗುಡಿಸಲುಗಳ ಬಳಿ ಹೋಗಲು ಸಾಧ್ಯವಿದೆ. ಮರಾಠಿ ಮಾತನಾಡುವ ಮಕ್ಕಳಿದ್ದರೆ ಸ್ಟೋರಿವೀವರ್‌ನಲ್ಲಿ ಮರಾಠಿ ಕಥೆಗಳೂ ಇವೆ.

ಇನ್ನೊಂದು ವರ್ಗ ವಿಕಲಚೇತನ ಮಕ್ಕಳು ಮತ್ತು ಯುವಜನರದು. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ‘ನಮ್ಮ ವಾಣಿ’ ಎಂಬ ಧ್ವನಿ ಸೇವೆಯನ್ನು ನಡೆಸಿದೆ. ಮಿಸ್ಡ್ ಕಾಲ್ ಕೊಟ್ಟರೆ ಮರಳಿ ಕರೆ ಬರುತ್ತದೆ. ಉದ್ಯೋಗ, ಸೌಲಭ್ಯ, ಇತರ ವಿಕಲಚೇತನರ ಅನುಭವ ಇವುಗಳನ್ನು ಕೇಳಬಹುದು, ತಮ್ಮ ಮಾತನ್ನೂ ದಾಖಲಿಸಬಹುದು. ಸಾದಾ ಫೋನ್ ಇದ್ದರೆ ಸಾಕು. ದೃಷ್ಟಿದೋಷವಿರುವವರಿಗಾಗಿ ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಲಾಭರಹಿತ ಸಂಸ್ಥೆಯೊಂದು ಅದನ್ನು ರೂಪಿಸಿದ್ದು, ಅದರ ಆರಂಭಕರು ಸ್ವತಃ ಅಂಧರು. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಗ್ರಂಥಾಲಯದ ಕಂಪ್ಯೂಟರಿಗೆ ಇದನ್ನು ಹಾಕಲು ಅರ್ಧ ಗಂಟೆ ಸಾಕು. ಆದರೆ ಗ್ರಂಥಾಲಯಕ್ಕೆ ಮೂರು ಮೆಟ್ಟಿಲುಗಳಿದ್ದು ರ್‍ಯಾಂಪ್ ಇಲ್ಲದಿದ್ದರೆ ಗಾಲಿಕುರ್ಚಿಯಲ್ಲಿರುವ ಹುಡುಗ ಹೊರಗೇ ಉಳಿಯುತ್ತಾನೆ. ನಮ್ಮಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಇಂತಹ ಮಕ್ಕಳ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನೂ ಗ್ರಂಥಾಲಯದ ಸದಸ್ಯತ್ವದ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರೆಂದು ಕೋರುತ್ತೇನೆ.

5. ಎಚ್ಚರ ವಹಿಸಬೇಕಾದ ವಿಷಯಗಳು

ತಂತ್ರಜ್ಞಾನ ಮಕ್ಕಳನ್ನು ಕಾಪಾಡಬಲ್ಲದು, ಅದರಿಂದ ಮಕ್ಕಳಿಗೆ ಹಾನಿಯೂ ಆಗಬಹುದು. ಬಾಲ್ಯವಿವಾಹ ತಡೆದ ದಿನ, ಕೆಲಸದಿಂದ ಮಗುವನ್ನು ಬಿಡಿಸಿದ ದಿನ, ಆ ಮಗುವಿನ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವುದನ್ನು ನಾವು ಕಾಣುತ್ತೇವೆ. ಒಳ್ಳೆಯ ಕೆಲಸ ಮಾಡಿದೆವೆಂಬ ಸಂತೋಷದಲ್ಲಿ ಹಾಕಿದರೂ ಅದು ಅಪರಾಧ. ಬಾಲನ್ಯಾಯ ಕಾಯ್ದೆ 2015ರ ಕಲಂ 74ರ ಪ್ರಕಾರ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಇವುಗಳನ್ನು ಬಹಿರಂಗಪಡಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗೆ ಪೋಕ್ಸೊ ಕಾಯ್ದೆ 2012ರಲ್ಲಿಯೂ ಇಂತಹದೇ ನಿರ್ಬಂಧವಿದೆ. ಕಾನೂನಿನ ಮಾತು ಹಾಗಿರಲಿ. ಆ ಹುಡುಗಿ ಮರುದಿನ ಅದೇ ಶಾಲೆಗೆ ಹೋಗಬೇಕು. ಇಡೀ ಊರಿನ ಫೋನುಗಳಲ್ಲಿ ಅವಳ ಮುಖವಿದ್ದರೆ ಅವಳು ಹೇಗೆ ಹೋದಾಳು?

ಎರಡನೆಯದು ಮಾಹಿತಿ. ಸಂಸ್ಥೆಗಳು ಮಕ್ಕಳ ಹೆಸರು, ವಯಸ್ಸು, ಜಾತಿ, ಫೋನ್ ಸಂಖ್ಯೆಗಳನ್ನು ಆ್ಯಪ್‌ನಲ್ಲಿ ದಾಖಲಿಸುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪಾಲಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆಗಲಿಲ್ಲ. ಏನನ್ನು, ಏಕೆ ಕೇಳುತ್ತಿದ್ದಾರೆಂದು ತಾಯಿಗೆ ಅವಳ ಮಾತಿನಲ್ಲಿಯೇ ತಿಳಿಸಬೇಕು.

6. ಸಂಸ್ಥೆ ಬಾಗಿಲಿಗೆ ಬಂದಾಗ

ಸ್ವಯಂಸೇವಾ ಸಂಸ್ಥೆಯೊಂದು ನಮ್ಮ ಪಂಚಾಯತಿಗೆ ಬಂದಾಗ ಅವರನ್ನು ಆದರದಿಂದ ಬರಮಾಡಿಕೊಳ್ಳೋಣ. ಹಾರ, ಶಾಲು ಹಾಕುವ ಮೊದಲು ಈ ಪ್ರಶ್ನೆಗಳನ್ನೂ ಕೇಳೋಣ:

ಒಂದು, ತಾವು ಎಷ್ಟು ವರ್ಷ ಇರುತ್ತೀರಿ? ಹೋದ ಮೇಲೆ ಸಾಧನಗಳು ಯಾರ ಹೆಸರಿನಲ್ಲಿ ಉಳಿಯುತ್ತವೆ?

ಎರಡು, ಇಂಟರ್‌ನೆಟ್, ಕರೆಂಟ್, ದುರಸ್ತಿಗೆ ವರ್ಷಕ್ಕೆ ಎಷ್ಟು ಬೇಕು? ಇಂದು ಯಾರು ಕೊಡುತ್ತಾರೆ, ಮುಂದೆ ಯಾರು ಕೊಡಬೇಕು?

ಮೂರು, ಇದು ಕನ್ನಡದಲ್ಲಿದೆಯೇ? ಇಂಟರ್‌ನೆಟ್ ಇಲ್ಲದಾಗ ನಡೆಯುತ್ತದೆಯೇ?

ನಾಲ್ಕು, ಹುಡುಗಿಯರು, ವಿಕಲಚೇತನರು, ವಲಸೆ ಬಂದ ಮಕ್ಕಳು ಇದನ್ನು ಹೇಗೆ ಬಳಸುತ್ತಾರೆ?

ಐದು, ಮಕ್ಕಳ ಯಾವ ಮಾಹಿತಿ ಪಡೆಯುತ್ತೀರಿ? ಅದು ಎಲ್ಲಿ ಇರುತ್ತದೆ? ಯಾವಾಗ ಅಳಿಸುತ್ತೀರಿ?

ಆರು, ನಿಮ್ಮ ಕೆಲಸದ ವರದಿಯನ್ನು ನಮ್ಮ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದುತ್ತೀರಾ?

ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಇಂತಹ ಪಂಚಾಯತಿಯನ್ನೇ ಅವರು ಹುಡುಕುತ್ತಿರುತ್ತಾರೆ.

ಇನ್ನೂ ಒಂದು ಕಡೆ ನಾವು ಕೇಳಬೇಕು, ಅದು ಮಕ್ಕಳ ಬಳಿ. ಕುಂದಾಪುರ ಭಾಗದಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯು 1990ರ ದಶಕದಲ್ಲಿಯೇ ಮಕ್ಕಳ ಪಂಚಾಯತಿಗಳನ್ನು ರೂಪಿಸಿತು. ಅಲ್ಲಿ ಮಕ್ಕಳೇ ತಮ್ಮ ಊರಿನ ಮಾಹಿತಿ ಸಂಗ್ರಹಿಸಿ, ಹಳ್ಳ ದಾಟಲು ಕಾಲುಸಂಕ, ಹತ್ತಿರದ ನೀರು ಮುಂತಾದ ಬೇಡಿಕೆಗಳನ್ನು ಹಿರಿಯರ ಮುಂದೆ ಇಡುತ್ತಿದ್ದರು. ಈಗ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯತಿಗಳಲ್ಲಿಯೂ ನಡೆಯಬೇಕಾದದ್ದು. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಒಂದು ವಿಷಯವನ್ನು ಸೇರಿಸಿರಿ: ಗ್ರಂಥಾಲಯದ ಫೋನು, ಟಿ.ವಿ., ಕಂಪ್ಯೂಟರುಗಳನ್ನು ನೀವು ಬಳಸುತ್ತಿದ್ದೀರಾ, ಇಲ್ಲವಾದರೆ ಏಕೆ? ಅವರ ಉತ್ತರ ಯಾವ ತಪಾಸಣಾ ವರದಿಗಿಂತಲೂ ನೇರವಾಗಿರುತ್ತದೆ.

7. ಮುಂದಿನ ಸಾಮಾನ್ಯ ಸಭೆಗೆ ನನ್ನ ಕೋರಿಕೆ

ತಾವು ಊರಿಗೆ ಮರಳಿದ ಮೇಲೆ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಅಂಶಗಳ ಠರಾವನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಮೊದಲನೆಯದಾಗಿ, ಗ್ರಂಥಾಲಯದ ಇಂಟರ್‌ನೆಟ್, ವಿದ್ಯುತ್ ಮತ್ತು ದುರಸ್ತಿಗೆ ಸ್ವಂತ ಸಂಪನ್ಮೂಲ ಅಥವಾ ಅನಿರ್ಬಂಧಿತ ಅನುದಾನದಿಂದ ನಿಯಮಾನುಸಾರ ವಾರ್ಷಿಕ ಮೊತ್ತವನ್ನು ಕ್ರಿಯಾಯೋಜನೆಯಲ್ಲಿ ತೋರಿಸುವುದು. ಎರಡನೆಯದಾಗಿ, ಗ್ರಂಥಾಲಯದ ವೇಳೆಯನ್ನು ಶಾಲೆ ಬಿಟ್ಟ ನಂತರದ ಹೊತ್ತಿಗೆ ಹೊಂದಿಸಿ, ವಾರದಲ್ಲಿ ಎರಡು ಸಂಜೆ ಹುಡುಗಿಯರಿಗೆ ಮೀಸಲಿಡುವುದು. ಮೂರನೆಯದಾಗಿ, 1098 ಸಂಖ್ಯೆಯನ್ನು ಈಗಾಗಲೇ ಹೇಳಿದ ಸ್ಥಳಗಳಲ್ಲಿ ಬರೆಸಿ, ಹತ್ತನೆಯ ತರಗತಿ ಮುಗಿಸಿದ ಪ್ರತಿಯೊಬ್ಬ ಹುಡುಗಿ ಮುಂದೆ ಎಲ್ಲಿ ಓದುತ್ತಿದ್ದಾಳೆ ಎಂಬ ಪಟ್ಟಿಯನ್ನು ಜುಲೈ ತಿಂಗಳ ಸಭೆಯಲ್ಲಿ ಪರಿಶೀಲಿಸುವುದು. ನಾಲ್ಕನೆಯದಾಗಿ, ಈ ಕೆಲಸಗಳ ಮೇಲ್ವಿಚಾರಣೆಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ವಹಿಸಿ, ಮೂರು ತಿಂಗಳಿಗೊಮ್ಮೆ ವರದಿ ಪಡೆಯುವುದು.

ಇವುಗಳಲ್ಲಿ ಮೂರನೆಯದು ನನ್ನ ದೃಷ್ಟಿಯಲ್ಲಿ ಬಹು ಮುಖ್ಯ. ಒಂದು ಪಂಚಾಯತಿಯಲ್ಲಿ ಆ ಪಟ್ಟಿಯಲ್ಲಿ ಮೂವತ್ತೋ ಐವತ್ತೋ ಹೆಸರುಗಳಿರಬಹುದು. ಅದನ್ನು ತಯಾರಿಸಲು ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಹಾಳೆ, ಒಂದು ಪೆನ್ನು ಸಾಕು. ಹೆಸರಿನ ಮುಂದೆ ಖಾಲಿ ಉಳಿದ ಪ್ರತಿಯೊಂದು ಜಾಗದ ಹಿಂದೆ ಒಬ್ಬ ಹುಡುಗಿ ಇದ್ದಾಳೆ. ಅವಳ ಮನೆಗೆ ಹೋಗಿ ವಿಚಾರಿಸುವ ಅಧಿಕಾರವನ್ನೂ ಸಲಿಗೆಯನ್ನೂ ಊರಿನ ಮತದಾರರು ತಮಗೆ ಕೊಟ್ಟಿದ್ದಾರೆ.